ಬೇವಿನ ಗಿಡದ ತಕ್ಕಡಿ

ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಒಮ್ಮೊಮ್ಮೆ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಹೋದ ತಿಂಗಳು ಒಬ್ಬ ಹುಡುಗಿ ಬಂದಿದ್ದಳು. "ಸರ, ನಿಮ್ಮ ಕಾಲದಾಗ ಮೌಲ್ಯಮಾಪನ ಹೆಂಗ ಮಾಡ್ತಿದ್ರಿ?" ಎಂದು ಕೇಳಿದಳು. ಚಹಾ ಕುಡಿಸಿ, ನಾಲ್ಕು ಒಳ್ಳೆಯ ಮಾತು ಹೇಳಿ ಕಳಿಸಿದೆ. ಅವಳು ಹೋದ ಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ನಾನು ಹೇಳಿದ್ದೆಲ್ಲ ಶಾಲು ಹೊದಿಸಿಕೊಂಡು ಕೂತವರು ಹೇಳುವಂಥ ಮಾತು. ಹೇಳಬೇಕಾದದ್ದು ಬೇರೆಯೇ ಇತ್ತು. ಅದನ್ನು ಈಗ ಬರೆಯುತ್ತಿದ್ದೇನೆ. ಇದನ್ನು ಓದಿ ಅವಳಿಗೆ ನನ್ನ ಬಗ್ಗೆ ಇರುವ ಗೌರವ ಕಡಿಮೆಯಾದರೆ ಆಗಲಿ. ಆಗಬೇಕಾದದ್ದೇ.

ಎಪ್ಪತ್ತರ ದಶಕದಲ್ಲಿ ನನ್ನ ಕೆಲಸ ಇಷ್ಟಿತ್ತು. ಹಳ್ಳಿಯ ತಾಯಂದಿರಿಗೆ ಏನು ಉಣ್ಣಬೇಕು, ಮಕ್ಕಳಿಗೆ ಏನು ಉಣಿಸಬೇಕು ಎಂದು ಸರಕಾರ ತಿಳುವಳಿಕೆ ಕೊಡಿಸುತ್ತಿತ್ತು. ಶಾಲೆಗಳಲ್ಲಿ ಕವಾಯತು, ವ್ಯಾಯಾಮ ಕಲಿಸುವ ಕಾರ್ಯಕ್ರಮವೂ ಇತ್ತು. ಇವುಗಳಿಂದ ಜನರಿಗೆ ಏನಾದರೂ ಉಪಯೋಗವಾಗಿದೆಯೋ ಇಲ್ಲವೋ ಎಂದು ನೋಡಿಕೊಂಡು ಬಂದು ವರದಿ ಬರೆಯುವವನು ನಾನು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ಕಡೆಯ ಹಳ್ಳಿಗಳು ನನ್ನ ಪಾಲಿಗೆ ಬಂದಿದ್ದವು. ಕೈಗೆ ಕೊಟ್ಟ ಸಾಮಾನು ಮೂರೇ: ಒಂದು ಕೊಕ್ಕೆಯ ತಕ್ಕಡಿ, ಮಕ್ಕಳ ರಟ್ಟೆ ಅಳೆಯುವ ಒಂದು ಪಟ್ಟಿ, ಒಂದು ಕಟ್ಟು ಫಾರ್ಮು. ಫಾರ್ಮಿನ ತಲೆಬರಹದಲ್ಲಿ ಇನ್ನೂ ಮೈಸೂರು ರಾಜ್ಯ ಎಂದೇ ಅಚ್ಚಾಗಿತ್ತು. ಅದನ್ನು ಹೊಡೆದು ಹಾಕಿ ಕರ್ನಾಟಕ ಎಂದು ಕೈಯಲ್ಲಿ ಬರೆಯುತ್ತಿದ್ದೆವು. ಒಳಗಿನ ಪ್ರಶ್ನೆಗಳನ್ನು ಮಾತ್ರ ಹೊಡೆದು ಹಾಕುವ ಅಧಿಕಾರ ನಮಗಿರಲಿಲ್ಲ.

ನಮ್ಮ ದೊಡ್ಡ ಸಾಹೇಬರು ಕೆಟ್ಟವರಲ್ಲ. ಯಾರ ಮನೆಯ ಒಂದು ಲೋಟ ಮಜ್ಜಿಗೆಯನ್ನೂ ಪುಕ್ಕಟೆ ಕುಡಿದವರಲ್ಲ. ಅವರಿಗಿದ್ದ ಚಟ ಒಂದೇ, ಸರಾಸರಿ. ನಾನು ಊರಿನ ವಿಷಯ ಹೇಳಲು ಬಾಯಿ ತೆರೆದರೆ ಸಾಕು, ಕೈ ಎತ್ತಿ ತಡೆಯುತ್ತಿದ್ದರು. "ಪುರಾಣ ಬ್ಯಾಡ್ರಿ. ಊರಿಗೊಂದು ಅಂಕಿ ಕೊಡ್ರಿ. ಹೋದ ಸಲ ಎಷ್ಟು, ಈ ಸಲ ಎಷ್ಟು, ಅಷ್ಟ ಸಾಕು." ನನಗೂ ಅದೇ ಅನುಕೂಲವಾಗಿತ್ತು. ಅಂಕಿ ಬರೆಯುವವನಿಗೆ ಯಾರ ಮುಖವನ್ನೂ ನೆನಪಿಟ್ಟುಕೊಳ್ಳುವ ಜವಾಬ್ದಾರಿ ಇರುವುದಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಕಿತ್ತೂರಿನ ಕಡೆ, ದೇಗಾಂವದ ಆಚೆಯ ಒಂದು ಸಣ್ಣ ಊರಲ್ಲಿ. ಬೆಳಗಿನ ಹೊತ್ತು. ಒಬ್ಬ ಹೆಣ್ಣುಮಗಳು ಬೀಸುಕಲ್ಲಿನ ಮುಂದೆ ಕೂತಿದ್ದಳು. ನಾನು ಫಾರ್ಮು ತೆಗೆದು ಓದಿದೆ: "ದಿನಕ್ಕೆ ಎಷ್ಟು ಹೊತ್ತು ವ್ಯಾಯಾಮ ಮಾಡುತ್ತೀರಿ?"

"ಹಂಗಂದ್ರ ಏನ್ರಿ?"

ನಾನು ಎದ್ದು ನಿಂತು ಎರಡೂ ಕೈ ಮೇಲೆತ್ತಿ ಇಳಿಸಿ ತೋರಿಸಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

"ಬರೇ ಕೈ ಎತ್ತೂದಾ? ಹೊತ್ತು ಹೊಂಡೂದರಾಗ ನಾಕು ಕೊಡ ನೀರು ತಂದೀನ್ರಿ. ಜ್ವಾಳ ಬೀಸಾಕ ಹತ್ತೀನಿ. ರೊಟ್ಟಿ ಬಡದು ಹೊಲಕ್ಕ ಹೋಗ್ಬೇಕು. ಬರೇ ಕೈ ಎತ್ತೂದು ಯಾವಾಗರಿ ಸಾಹೇಬ್ರ? ಬರ್ರಿ, ನೀವ ಒಂದೀಟು ತಿರುವ್ರಿ, ನೋಡೋಣು."

ಮರ್ಯಾದೆಗೆ ಕೂತು ಬೀಸುಕಲ್ಲು ತಿರುವಿದೆ. ಇಪ್ಪತ್ತು ಸುತ್ತಿಗೆ ತೋಳು ಹಿಡಿದುಕೊಂಡಿತು. ಪೆನ್ನು ಹಿಡಿದರೆ ಕೈ ನಡುಗುತ್ತಿತ್ತು. ಅದೇ ನಡುಗುವ ಕೈಯಿಂದ ಅವಳ ಹೆಸರಿನ ಮುಂದೆ "ವ್ಯಾಯಾಮ: ಇಲ್ಲ" ಎಂದು ಬರೆದೆ. ವರದಿಯಲ್ಲಿ ಆ ಊರಿನ ಮಹಿಳೆಯರಿಗೆ ದೈಹಿಕ ಚಟುವಟಿಕೆಯ ಅರಿವು ಕಡಿಮೆ ಎಂದು ಒಂದು ಸಾಲು ಸೇರಿಸಿದೆ. ಆ ಸಾಲು ಓದಿ ದೊಡ್ಡ ಸಾಹೇಬರು ತಲೆದೂಗಿದರು.

ಸವದತ್ತಿಯ ಕಡೆ ಒಂದು ಶಾಲೆಯಲ್ಲಿ ಕವಾಯತು ನೋಡಲು ಹೋಗಿದ್ದೆ. ಎಷ್ಟು ಮಕ್ಕಳು ಕೊನೆಯವರೆಗೆ ನಿಂತು ಮಾಡುತ್ತಾರೆ ಎಂದು ಎಣಿಸಬೇಕಾಗಿತ್ತು. ಡ್ರಿಲ್ ಮಾಸ್ತರರು ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಸಾಹೇಬ್ರ, ಉಪ್ಪಿಟ್ಟು ಆದ ಮ್ಯಾಲೆ ಎಣಸ್ರೆಲಾ. ಅರ್ಧ ಮಕ್ಕಳು ಖಾಲಿ ಹೊಟ್ಟೀಲೆ ಬಂದಾವು." ಉಪ್ಪಿಟ್ಟು ಮಧ್ಯಾಹ್ನಕ್ಕೆ. ನನ್ನ ಬಸ್ಸು ಹನ್ನೊಂದಕ್ಕೆ. ಎಣಿಸಿಯೇ ಬಿಟ್ಟೆ. ಹತ್ತು ನಿಮಿಷ ಆಗುವಷ್ಟರಲ್ಲಿ ಮಕ್ಕಳು ಒಬ್ಬೊಬ್ಬರೇ ಗೋಡೆಯ ನೆರಳಿಗೆ ಹೋಗಿ ಕೂತರು. "ಶಿಸ್ತಿನ ಕೊರತೆ ಕಂಡುಬಂತು" ಎಂದು ಬರೆದು ಬಸ್ಸು ಹತ್ತಿದೆ. ಆ ಮಾಸ್ತರರು ನನ್ನನ್ನು ಬಸ್ಸಿನವರೆಗೆ ಬಂದು ಕಳಿಸಿದ್ದರು, ಪಾಪ. ಹಸಿದ ಮಕ್ಕಳನ್ನು ಕುಣಿಸಿ ಶಿಸ್ತಿಲ್ಲ ಎಂದು ಬರೆದವನಿಗೆ ಅವರು ಬಸ್ಸಿನ ಕಿಡಕಿಯ ಹೊರಗೆ ನಿಂತು ಕೈ ಮುಗಿದರು.

ನಗುವ ಪ್ರಸಂಗಗಳೂ ಇದ್ದವು. ಬೈಲಹೊಂಗಲದ ಹತ್ತಿರ ಒಂದು ಅನುಕೂಲಸ್ಥ ಒಕ್ಕಲುತನದ ಮನೆಯ ಕೂಸನ್ನು ಕೊಕ್ಕೆಗೆ ಹಾಕಿದರೆ, ನೋಡಲು ಬಡಕಲು, ಮುಳ್ಳು ಮಾತ್ರ ಜಗ್ಗಿ ಕೆಳಗೆ ಬಂತು. ಅಂಗಿ ಎತ್ತಿ ನೋಡಿದರೆ ಬೆರಳು ದಪ್ಪದ ಬೆಳ್ಳಿಯ ಉಡದಾರ, ಕಾಲಲ್ಲಿ ಕಡಗ, ಕೊರಳಲ್ಲಿ ಲಿಂಗದ ಕರಡಿಗೆ. ತೆಗೆಯಿರಿ ಅಂದೆ. ಅಜ್ಜಿ ಒಪ್ಪಲಿಲ್ಲ. "ಉಡದಾರ ತಗದ್ರ ಕೂಸಿನ ನಡಾ ಬರಿದಾಗತೈತ್ರಿ. ಅದೊಂದು ಆಗೂದಿಲ್ಲ. ನಿಮ್ಮ ಪೇಪರಿನ್ಯಾಗ ಎಷ್ಟು ಬೇಕಾದ್ರೂ ಕಳಕೋರಿ, ಇಲ್ಲಿ ಮಾತ್ರ ಮುಟ್ಟಬ್ಯಾಡ್ರಿ." ನಾನು ಅಂದಾಜಿನ ಮೇಲೆ ಕಳೆದೆ. ತಕ್ಕಡಿಯಲ್ಲಿ ತೂಗುವುದು ಬರೇ ಕೂಸೊಂದೇ ಅಲ್ಲ, ಮನೆತನವೂ ಅದರ ಜೊತೆ ತೂಗುತ್ತದೆ ಎಂದು ಅಂದು ತಿಳಿದಿತ್ತು. ತಿಳಿದೂ ಮುಂದೆ ಉಪಯೋಗಕ್ಕೆ ಬರಲಿಲ್ಲ.

ಇನ್ನು ಮುಂದಿನದನ್ನು ಹೇಳುವ ಮೊದಲು ನನ್ನ ವಿಷಯ ಹೇಳಬೇಕು.

ನಾನು ರಾಮದುರ್ಗದ ಕಡೆಯ ಒಂದು ಊರಿನ ಕೇರಿಯಲ್ಲಿ ಹುಟ್ಟಿದವನು. ಊರಿನ ಬಾವಿಯ ನೀರು ಮುಟ್ಟಗೊಡದ ಕೇರಿ ಅದು. ಅಪ್ಪ ನಾನು ಚಿಕ್ಕವನಿದ್ದಾಗಲೇ ಬೌದ್ಧನಾದ. ಮನೆಯಲ್ಲಿ ಬುದ್ಧನ ಒಂದು ಪಟ ಇತ್ತು, ಅಪ್ಪನಿಗೆ ತಲೆ ಎತ್ತಿ ನಡೆಯುವ ಹಟ ಇತ್ತು. ಆ ಹಟದಿಂದಲೇ ನಾನು ಓದಿದ್ದು. ಆದರೆ ನೌಕರಿಗೆ ಸೇರಿದ ಮೇಲೆ ನಾನು ಮಾಡಿದ್ದು ಏನು? ನಮ್ಮ ಕಡೆ ಊರಿನ ಹೆಸರೇ ಅಡ್ಡಹೆಸರು. ಅದರಿಂದ ಯಾರು ಯಾವ ಜಾತಿ ಎಂದು ಗೊತ್ತಾಗುವುದಿಲ್ಲ. ನೇಮಕದ ಕಡತ ಬೆಂಗಳೂರಿನಲ್ಲಿತ್ತು. ಇಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹಳ್ಳಿಗಳಲ್ಲಿ ಮಾತ್ರ ಕೇಳುತ್ತಿದ್ದರು. ಗೌಡರ ಮನೆಯ ಪಡಸಾಲೆಯಲ್ಲಿ ತಾಟಿನ ಮುಂದೆ ಕೂಡುವ ಹೊತ್ತಿಗೆ ಯಾರಾದರೂ ಹಿರಿಯರು, "ಸಾಹೇಬ್ರು ಯಾರ ಪೈಕೀರಿ?" ಎನ್ನುವರು. ನಾನು, "ನಾವು ರಾಮದುರ್ಗದ ಕಡೆಯವ್ರರಿ" ಎನ್ನುತ್ತಿದ್ದೆ. ಕೇಳಿದ್ದು ಒಂದು, ಹೇಳಿದ್ದು ಒಂದು. ಅವರು ತಮಗೆ ಬೇಕಾದ ಹಾಗೆ ತಿಳಿದುಕೊಂಡು ರೊಟ್ಟಿಯ ಮೇಲೆ ಬೆಣ್ಣೆ ಹಾಕುತ್ತಿದ್ದರು. ಆ ಬೆಣ್ಣೆ ನನಗೆ ರುಚಿಸಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ರುಚಿಸುತ್ತಿತ್ತು. ಎರಡನೆಯ ರೊಟ್ಟಿಯನ್ನೂ ಹಾಕಿಸಿಕೊಳ್ಳುತ್ತಿದ್ದೆ.

ಈಗ ಆ ಊರಿನ ಮಾತಿಗೆ ಬರುತ್ತೇನೆ. ಊರಿನ ಹೆಸರು ಬೇಡ. ಯರಗಟ್ಟಿಯಲ್ಲಿ ಬಸ್ಸು ಇಳಿದು ಒಳಗೆ ಎರಡು ತಾಸು ನಡೆಯಬೇಕು. ಮೊದಲ ಸಲ ಹೋದಾಗ ಅಲ್ಲಿಯ ಕೇಂದ್ರದ ತಕ್ಕಡಿ ಗುಡಿಯ ಪಡಸಾಲೆಯ ತೊಲೆಗೆ ತೂಗುಹಾಕಿತ್ತು. ಮಹಿಳಾ ಮಂಡಳದ ಸಭೆ, ಅಡುಗೆ ಕಲಿಸುವುದು, ಕೂಸುಗಳ ತೂಕ, ಎಲ್ಲ ಅಲ್ಲಿಯೇ. ಬಂದ ಮಕ್ಕಳನ್ನೆಲ್ಲ ತೂಗಿದೆ, ಸರಾಸರಿ ತೆಗೆದೆ, ಚೆನ್ನಾಗಿಯೇ ಬಂತು. ಗುಡಿಯ ಮೆಟ್ಟಿಲು ಹತ್ತಲಾಗದ ತಾಯಂದಿರ ಮಕ್ಕಳು ಎಲ್ಲಿ ಎಂದು ನಾನು ಕೇಳಲಿಲ್ಲ. ಬೇರೆಯವನಾದರೆ ಹೊಳೆಯಲಿಲ್ಲ ಎಂದು ಹೇಳಬಹುದು. ನನಗೆ ಹೊಳೆಯದೆ ಇರುತ್ತದೆಯೇ?

ಒಂದು ವರ್ಷ ಬಿಟ್ಟು ಎರಡನೆಯ ಸಲ ಹೋಗುವಷ್ಟರಲ್ಲಿ ಅಲ್ಲಿಯ ಕೇಂದ್ರ ನಡೆಸಲು ಹೊಸ ಸೇವಿಕೆ ಬಂದಿದ್ದಳು. ಹೆಸರು ನೀಲವ್ವ. ಬೈಲಹೊಂಗಲದ ಕಡೆಯ ಒಕ್ಕಲುತನದ ಲಿಂಗಾಯತ ಮನೆಯ ಮಗಳು, ಮೂವತ್ತರ ಆಸುಪಾಸು, ಗಟ್ಟಿ ದನಿ. ವರ್ಷ ವರ್ಷಕ್ಕೆ ಮುಂದುವರಿಸುವ ಕೆಲಸ ಅವಳದು, ಕಾಯಂ ಅಲ್ಲ. ನಮ್ಮ ವರದಿ ಚೆನ್ನಾಗಿದ್ದರೆ ಮುಂದಿನ ವರ್ಷ ಇದೆ, ಇಲ್ಲದಿದ್ದರೆ ಇಲ್ಲ. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ತಕ್ಕಡಿ ಗುಡಿಯಲ್ಲಿ ಇರಲಿಲ್ಲ. ಊರಿಗೂ ಕೇರಿಗೂ ನಡುವಿನ ದಾರಿಯಲ್ಲಿ ಒಂದು ಬೇವಿನ ಗಿಡ ಇತ್ತು. ಅದರ ಕೊಂಬೆಗೆ ಕಟ್ಟಿದ್ದಳು. ಕೆಳಗೆ ಎರಡು ಚಾಪೆ, ಒಂದು ದಪ್ಪ ರಜಿಸ್ಟರು, ಹಾಲಿನ ಪುಡಿಯ ಡಬ್ಬಿ.

"ಇಲ್ಯಾಕ ಕಟ್ಟೀರಿ ಬಾಯಾರ?" ಎಂದು ಕೇಳಿದೆ, ಗೊತ್ತಿಲ್ಲದವನ ಹಾಗೆ.

"ಗುಡಿಯಾಗ ಕಟ್ಟಿದ್ರ ಅರ್ಧ ಊರು ಬರ್ತೈತ್ರಿ ಸರ. ಇಲ್ಲಿ ಪೂರಾ ಊರು ಬರ್ತೈತಿ. ಕೇರಿ ಮಕ್ಕಳು ಯಾವ ಪಟ್ಟಿಯಾಗೂ ಇದ್ದಿಲ್ಲ. ತೂಕದ ಪಟ್ಟಿಯಾಗ ಹೆಸರಿಲ್ಲಂದ್ರ ಹಾಲಿನ ಪುಡಿ ಇಲ್ಲ. ಖರೇ ಹಸದ ಕೂಸು ಬಿಟ್ಟು ಉಳದವಕ್ಕ ಹಾಲು ಕುಡಿಸಿ ನಾ ಏನ್ ಮಾಡ್ಲಿ?"

ತಕ್ಕಡಿಯ ಒಂದೇ ಜೋಳಿಗೆಯಲ್ಲಿ ಎಲ್ಲರ ಮಕ್ಕಳನ್ನು ಕೂಡಿಸಲು ಊರೊಳಗಿನ ಓಣಿಯ ಹೆಂಗಸರು ಒಪ್ಪಿರಲಿಲ್ಲ. ಅದಕ್ಕೆ ನೀಲವ್ವ ಒಂದು ಉಪಾಯ ಮಾಡಿದ್ದಳು. ಅವರವರ ಕೂಸಿಗೆ ಅವರವರೇ ಒಂದು ಅರಿವೆ ತರಬೇಕು. ಹಳೆಯ ಸೀರೆಯ ತುಂಡಾದರೂ ಸರಿ. ಮೊದಲು ಬರೇ ಅರಿವೆಯನ್ನು ತೂಗಿ ಬರೆದುಕೊಳ್ಳುವಳು, ಆಮೇಲೆ ಕೂಸನ್ನು ಹಾಕಿ ತೂಗಿ ಅರಿವೆಯ ತೂಕ ಕಳೆಯುವಳು. ಉಡದಾರ ಇದ್ದರೆ ಅದಕ್ಕೊಂದು ಬೇರೆ ಗುರುತು. ಅಷ್ಟು ಚೊಕ್ಕಟವಾದ ರಜಿಸ್ಟರನ್ನು ನಾನು ಆ ನಾಲ್ಕೂ ಕಡೆ ಎಲ್ಲೂ ನೋಡಲಿಲ್ಲ. ಮೊದಲು ಬಂದವರಿಗೆ ಮೊದಲು, ಓಣಿ ಕೇರಿ ಎಂಬ ಭೇದ ಇಲ್ಲ. ಕೆಲವರು ಸಿಟ್ಟಾಗಿ ಬಿಟ್ಟು ಹೋಗಿದ್ದರಂತೆ. ಹಾಲಿನ ಪುಡಿ ಬೇವಿನ ಗಿಡದ ಕೆಳಗೇ ಸಿಗುತ್ತಿದ್ದುದರಿಂದ ತಿಂಗಳೊಪ್ಪತ್ತಿನಲ್ಲಿ ಬಹಳ ಮಂದಿ ತಿರುಗಿ ಬಂದಿದ್ದರು.

ನಾನು ಕೂತು ಒಬ್ಬೊಬ್ಬರನ್ನೇ ಕರೆದು ಬರೆದುಕೊಳ್ಳತೊಡಗಿದೆ. ಸಾಲಿನಲ್ಲಿ ಒಬ್ಬ ಮುದುಕಿ ಮೊಮ್ಮಗಳನ್ನು ಟೊಂಕದ ಮೇಲೆ ಇಟ್ಟುಕೊಂಡು ನಿಂತಿದ್ದಳು. ತಲೆ ಎತ್ತಿ ನೋಡಿದೆ. ನನ್ನ ಅವ್ವನ ದೊಡ್ಡಪ್ಪನ ಮಗಳು ಯಲ್ಲವ್ವ. ನನಗೆ ದೊಡ್ಡವ್ವ. ಈ ಊರಿಗೆ ಕೊಟ್ಟಿದ್ದರು ಎಂಬುದು ಮರೆತೇ ಹೋಗಿತ್ತು. ಸಣ್ಣವನಿದ್ದಾಗ ಅವಳು ತವರಿಗೆ ಬಂದರೆ ಅವಳ ಮಗ್ಗುಲಲ್ಲೇ ಉಣ್ಣುತ್ತಿದ್ದೆ. ನನಗೆ ಕೈಯಾರೆ ತುತ್ತು ಹಾಕಿದವಳು.

ಅವಳೂ ನನ್ನ ಗುರುತು ಹಿಡಿದಳು. ಹಿಡಿದದ್ದು ಕಣ್ಣಲ್ಲಿ ಕಂಡಿತು. ಬಾಯಿ ತೆರೆದಳು. ನನ್ನ ಇಸ್ತ್ರಿ ಅಂಗಿ, ಪಕ್ಕದಲ್ಲಿ ಕೂತಿದ್ದ ಗೌಡರ ಮನೆಯ ಹಿರಿಯರು, ಅವರು ನನಗಾಗಿ ತರಿಸಿದ್ದ ಕುರ್ಚಿ, ಎಲ್ಲ ನೋಡಿದಳು. ಬಾಯಿ ಮುಚ್ಚಿದಳು. ಆಮೇಲೆ ಕೈ ಮುಗಿದು, "ನಮಸ್ಕಾರ್ರಿ ಸಾಹೇಬ್ರ" ಅಂದಳು.

ನಾನು ಪೆನ್ನು ಹಿಡಿದು ಕೇಳಿದೆ: "ನಿಮ್ಮ ಹೆಸರೇನ್ರಿ?"

ನನ್ನ ದೊಡ್ಡವ್ವನಿಗೆ ನಾನು ನಿನ್ನ ಹೆಸರೇನು ಎಂದು ಕೇಳಿದೆ.

"ಯಲ್ಲವ್ವರಿ. ಕೂಸು ನನ್ನ ಮಗನ ಮಗಳು, ರಮಾ ಅಂತ್ರಿ."

ಅವಳು ಅರಿವೆ ಬಿಚ್ಚಿ ಕೊಟ್ಟಳು. ಮಾಸಿದ ಹಸಿರು ಸೀರೆಯ ತುಂಡು, ಒಗೆದು ನಾಲ್ಕು ಮಡಿಕೆ ಮಾಡಿದ್ದು. ರಮಾಳನ್ನು ಕೊಕ್ಕೆಗೆ ಹಾಕಿದೆ. ಆ ಹುಡುಗಿಯ ರಟ್ಟೆಗೆ ಪಟ್ಟಿ ಸುತ್ತಿದಾಗ ನನ್ನ ಎರಡು ಬೆರಳಿನ ಸುತ್ತಿನಷ್ಟೂ ಇರಲಿಲ್ಲ. ಬರೆದುಕೊಂಡೆ. "ಮುಂದಿನವರು ಬರ್ರಿ" ಅಂದೆ.

ಹೊರಡುವಾಗ ನೀಲವ್ವ ದಾರಿಯವರೆಗೆ ಬಂದಳು. "ಸರ, ಈ ಸಲ ನಮ್ಮೂರ ಸರಾಸರಿ ಇಳಿಯೂದು. ನನಗ ಗೊತ್ತೈತಿ. ಕೇರಿ ಕೂಸುಗಳು ಹಗೂರ ಅದಾವು. ಆದ್ರ ಅವು ಈಗ ಬಂದಾವ್ರಿ, ಮೊದಲಿದ್ದ ಕೂಸುಗಳೇನ ಇಳದಿಲ್ಲ. ಅದನ್ನ ಬಿಡಿಸಿ ಬರೀರಿ. ನನ್ನ ಬಗ್ಗೆ ಚಲೋ ಬರೀಬ್ಯಾಡ್ರಿ. ಖರೇ ಬರೀರಿ, ಸಾಕು."

"ಬರಿತೇನಿ ಬಾಯಾರ" ಅಂದೆ.

ಆ ಹೊತ್ತಿನಲ್ಲಿ ಮನಸ್ಸಿನಿಂದಲೇ ಹೇಳಿದ್ದೆ. ಯರಗಟ್ಟಿಯ ಬಸ್ ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಬಿಟ್ಟು ಕೂತೆ. ಸುತ್ತ ಜೋಳದ ಚೀಲ, ಮೆಣಸಿನಕಾಯಿ ಘಾಟು. ಹೋದ ವರ್ಷ ತೂಗಿದ ಮಕ್ಕಳ ಹೆಸರುಗಳನ್ನು ಒಂದು ಹಾಳೆಯಲ್ಲಿ ಬೇರೆ ಬರೆದೆ. ಆ ಮಕ್ಕಳ ತೂಕ ಏರಿತ್ತು, ವಯಸ್ಸಿಗೆ ಸರಿಯಾಗಿ, ಎಲ್ಲರದೂ. ಹೊಸದಾಗಿ ಬಂದ ಕೇರಿಯ ಮಕ್ಕಳದು ಇನ್ನೊಂದು ಪಟ್ಟಿ. ಎರಡನ್ನೂ ಕೂಡಿಸಿದರೆ ಊರಿನ ಸರಾಸರಿ ಬಿದ್ದಂತೆ ಕಾಣುತ್ತಿತ್ತು. ಬಿಡಿಸಿದರೆ ನೀಲವ್ವ ಮಾಡಿದ ಕೆಲಸ ಕಾಣುತ್ತಿತ್ತು. ಇದು ಅವಳ ಮೇಲಿನ ಕನಿಕರಕ್ಕೆ ಹೇಳುವ ಮಾತಲ್ಲ, ಲೆಕ್ಕವೇ ಹಾಗಿತ್ತು. ನನ್ನ ಇಡೀ ನೌಕರಿಯಲ್ಲಿ ನಾನು ಮಾಡಿದ ಅತ್ಯಂತ ಸರಿಯಾದ ಲೆಕ್ಕ ಆ ಹಾಳೆಯಲ್ಲಿತ್ತು.

ಆಫೀಸಿನಲ್ಲಿ ದೊಡ್ಡ ಸಾಹೇಬರ ಮುಂದೆ ವರದಿ ಇಟ್ಟೆ, ಮೇಲೆ ಆ ಹಾಳೆ. ಅವರು ಕನ್ನಡಕ ಏರಿಸಿ ನೋಡಿದರು.

"ಇದೇನ್ರಿ, ಎರಡು ಪಟ್ಟಿ?"

"ಸರ್, ಕೇರಿಯ ಮಕ್ಕಳು ಈ ವರ್ಷ ಹೊಸದಾಗಿ ಬಂದಾರ್ರಿ. ಅದಕ್ಕ ಬಿಡಿಸಿ..."

"ಫಾರ್ಮಿನ್ಯಾಗ ಓಣಿ, ಕೇರಿ ಅಂತ ಕಾಲಮ್ ಐತೇನು? ಇಲ್ಲಲ್ಲ. ಒಂದ ಊರು, ಒಂದ ಅಂಕಿ." ನಂತರ ಹಾಳೆಯನ್ನು ನನ್ನ ಕಡೆ ಸರಿಸಿ ನಕ್ಕರು. "ಆ ಕೇರಿ ಮ್ಯಾಲೆ ನಿಮಗ್ಯಾಕ್ರಿ ಇಷ್ಟು ಮಮತಾ? ಅಲ್ಲೇನ್ ನಿಮ್ಮ ಬೀಗರು ಅದಾರೇನು?"

ಪಕ್ಕದ ಮೇಜಿನವರೂ ನಕ್ಕರು. ಅದು ಬರೇ ಚೇಷ್ಟೆಯ ಮಾತು. ಸಾಹೇಬರಿಗೆ ಏನೂ ಗೊತ್ತಿರಲಿಲ್ಲ, ಆಮೇಲೆ ಅವರಿಗೆ ಅದು ನೆನಪೂ ಇರಲಿಕ್ಕಿಲ್ಲ. ನನಗೆ ಮಾತ್ರ ಕಿವಿ ಕಾದು ಹೋಯಿತು. ಇನ್ನೊಂದು ಮಾತು ಆಡಿದರೆ ಗುಟ್ಟು ಹೊರಬೀಳುತ್ತದೆ, ತನ್ನವರ ಪರವಾಗಿ ಲೆಕ್ಕ ತಿರುಚುತ್ತಾನೆ ಎನ್ನುತ್ತಾರೆ, ನಾಳೆಯಿಂದ ಈ ಕೋಣೆಯಲ್ಲಿ ನನಗೆ ಕೊಡುವ ಚಹಾದ ಕಪ್ಪೂ ಬೇರೆಯಾಗುತ್ತದೆ. ಇಷ್ಟು ಯೋಚಿಸಲು ಒಂದು ಕ್ಷಣ ಸಾಕಾಯಿತು. ನಾನೂ ನಕ್ಕೆ. "ಹಂಗೇನಿಲ್ಲ ಬಿಡ್ರಿ ಸರ್" ಎಂದು ಹಾಳೆ ಹಿಂದಕ್ಕೆ ತೆಗೆದುಕೊಂಡು ಚೀಲದಲ್ಲಿ ತುರುಕಿದೆ.

ವರದಿಯಲ್ಲಿ ಹೋದದ್ದು ಒಂದೇ ಅಂಕಿ. ಅದರ ಕೆಳಗೆ ನನ್ನದೇ ಅಕ್ಷರ: "ಈ ಕೇಂದ್ರವು ಹಿಂದಿನ ವರ್ಷಕ್ಕಿಂತ ಹಿಂದೆ ಬಿದ್ದಿದೆ. ಕೇಂದ್ರದ ಸ್ಥಳ ಬದಲಾವಣೆ ಅನುಚಿತವಾಗಿತ್ತು." ಎರಡನೆಯ ವಾಕ್ಯವನ್ನು ಯಾರೂ ಬರೆಯಲು ಹೇಳಿರಲಿಲ್ಲ. ಬೀಗರ ಮಾತು ಬಂದ ಮೇಲೆ ನನ್ನ ಮೇಲೆ ಒಂದಿಷ್ಟೂ ಸಂಶಯ ಉಳಿಯಬಾರದು ಎಂದು ನಾನಾಗಿಯೇ ಸೇರಿಸಿದ್ದು. ಇಷ್ಟು ವರ್ಷ ನಾನು ಯಾರ ಮುಂದೆಯೂ ಹೇಳದ ವಾಕ್ಯ ಅದು.

ನೀಲವ್ವನನ್ನು ಮುಂದುವರಿಸಲಿಲ್ಲ. ಅವಳು ಒಂದು ಕಾಗದ ಬರೆದಿದ್ದಳು, ಆಫೀಸಿನ ವಿಳಾಸಕ್ಕೆ, ನನ್ನ ಹೆಸರಿಗೆ. ಬೈಗುಳ ಇರಲಿಲ್ಲ. "ಸರ, ರಜಿಸ್ಟರು ಹೊಸಬರ ಕೈಯಾಗ ಕೊಟ್ಟೀನಿ. ಕೇರಿ ಮಕ್ಕಳ ಪುಟಕ್ಕೆ ಗುರುತು ಇಟ್ಟೀನಿ. ಅವರು ಆ ಪುಟ ತೆಗೀತಾರಿಲ್ಲೋ ಒಮ್ಮೆ ನೋಡ್ರಿ." ಉತ್ತರ ಬರೆಯಲು ಮೂರು ಸಲ ಕೂತೆ. ಬರೆಯಲಿಲ್ಲ. ಅವಳು ಮುಂದೆ ಏನು ಮಾಡಿದಳು, ಎಲ್ಲಿದ್ದಾಳೆ, ನಾನು ವಿಚಾರಿಸಲಿಲ್ಲ. ವಿಚಾರಿಸುವ ಮುಖ ಇರಲಿಲ್ಲ.

ಮೂರನೆಯ ಸಲ ಆ ಊರಿಗೆ ಹೋದಾಗ ತಕ್ಕಡಿ ತಿರುಗಿ ಗುಡಿಯ ತೊಲೆಗೆ ಏರಿತ್ತು. ಹೊಸ ಸೇವಿಕೆ ಮೆತ್ತಗಿನವಳು, ಊರಿನವರ ಮಾತು ಮೀರುವವಳಲ್ಲ. ಅವಳನ್ನು ಬೈಯುವ ಹಾಗೂ ಇರಲಿಲ್ಲ. ಸ್ಥಳ ಬದಲಾವಣೆ ಅನುಚಿತ ಎಂದು ಸರಕಾರದ ಕಾಗದದಲ್ಲೇ ಬಂದಿತ್ತಲ್ಲ, ನನ್ನ ಅಕ್ಷರದಲ್ಲೇ. ರಜಿಸ್ಟರಿನಲ್ಲಿ ಗುರುತಿಟ್ಟ ಪುಟ ಹಾಗೆಯೇ ಇತ್ತು, ಅದರ ಮುಂದೆ ಒಂದು ಅಂಕಿಯೂ ಬಿದ್ದಿರಲಿಲ್ಲ.

ತೂಗುವುದು ಮುಗಿಯುತ್ತ ಬಂದಿತ್ತು. ಮೆಟ್ಟಿಲ ಕೆಳಗೆ, ಬಿಸಿಲಲ್ಲಿ, ಯಲ್ಲವ್ವ ನಿಂತಿದ್ದಳು. ಟೊಂಕದ ಮೇಲೆ ರಮಾ. ಕೈಯಲ್ಲಿ ಅದೇ ಹಸಿರು ಅರಿವೆ, ಒಗೆದು ನಾಲ್ಕು ಮಡಿಕೆ ಮಾಡಿದ್ದು.

"ಸಾಹೇಬ್ರ, ನಮ್ಮ ಹುಡುಗೀದು ಒಂದೀಟು ತೂಕ ನೋಡ್ತೀರೇನ್ರಿ? ಅರಿಬಿ ತಂದೀನ್ರಿ."

ಹೊಸ ಸೇವಿಕೆ ನನ್ನ ಮುಖ ನೋಡಿದಳು. ಗೌಡರ ಮನೆಯ ಹಿರಿಯರೂ ನೋಡಿದರು. ತಕ್ಕಡಿ ಬಿಚ್ಚಿಕೊಂಡು ಕೆಳಗೆ ಇಳಿಯಲು ಐದು ಮೆಟ್ಟಿಲು. ಬೇವಿನ ಗಿಡ ಅಲ್ಲಿಂದ ಕಾಣುತ್ತಿತ್ತು. ನಾನು ಪೆನ್ನಿನ ಮುಚ್ಚಳ ಹಾಕಿದೆ.

"ಈ ಸಲದ್ದು ಮುಗೀತ್ರಿ. ಮುಂದಿನ ಸಲ ನೋಡೋಣ."

"ಆತ್ರಿ ಸಾಹೇಬ್ರ" ಅಂದಳು. ರಮಾಳ ತಲೆಯ ಮೇಲೆ ಆ ಅರಿವೆಯನ್ನೇ ಬಿಸಿಲಿಗೆ ಹೊದಿಸಿಕೊಂಡು ಹೋದಳು.

ಆ ವರ್ಷ ಊರಿನ ಸರಾಸರಿ ಚೆನ್ನಾಗಿ ಏರಿತು. "ಗಮನಾರ್ಹ ಸುಧಾರಣೆ" ಎಂದು ಬರೆದೆ. ದೊಡ್ಡ ಸಾಹೇಬರು ಸಭೆಯಲ್ಲಿ ಆ ಊರಿನ ಹೆಸರು ಹೇಳಿ ನನ್ನ ಬೆನ್ನು ತಟ್ಟಿದರು. ಅದರಿಂದ ಮುಂದೆ ನನಗೆ ಏನೇನು ಸಿಕ್ಕಿತು ಎಂಬುದನ್ನು ಬಿಟ್ಟುಬಿಡುತ್ತೇನೆ.

ಆಮೇಲೆ ಪದ್ಧತಿ ಬದಲಾಯಿತು. ಫಾರ್ಮು ಬದಲಾಯಿತು, ಒಂದೊಂದು ಕೂಸಿಗೆ ಒಂದೊಂದು ಚೀಟಿ ಬಂತು, ಅದೇ ಕೂಸನ್ನು ಹುಡುಕಿ ತೂಗಬೇಕು ಎಂಬ ನಿಯಮ ಬಂತು. ಯಾರು ಬಂದರು ಎನ್ನುವುದರ ಜೊತೆಗೆ ಯಾರು ಬರಲಿಲ್ಲ ಎಂದು ಬರೆಯುವ ಕಾಲಮ್ ಬಂತು. ತರಬೇತಿಯಲ್ಲಿ ದೊಡ್ಡ ದೊಡ್ಡವರು ಅದನ್ನು ವಿವರಿಸುವಾಗ ನಾನು ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತಿದ್ದೆ. ನೀಲವ್ವ ಅದನ್ನು ಗಿಡದ ಕೆಳಗೆ ಕೂತು ಮೊದಲೇ ಮಾಡಿದ್ದಳು ಎಂದು ಕೈ ಎತ್ತಿ ಹೇಳಬಹುದಾಗಿತ್ತು. ಹೇಳಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಮಗಳೇ, ಕಾಲಮ್ ಈಗ ನಿನ್ನ ಫಾರ್ಮಿನಲ್ಲಿ ಇದೆ. ಅದನ್ನು ತುಂಬುವಾಗ ನಿನ್ನ ಕೈ ಎಲ್ಲಿ ತಡೆಯುತ್ತದೆ ಎಂಬುದನ್ನು ನೋಡಿಕೋ. ನನ್ನಂಥವರ ಕೈ ತಡೆಯುವುದು ಲೆಕ್ಕ ಬಾರದ್ದಕ್ಕಲ್ಲ.

ಮೂರನೆಯ ಭೇಟಿಯ ಮುಂದಿನ ತಿಂಗಳು ರಾಮದುರ್ಗದ ಕಡೆಯ ನಮ್ಮ ಊರಿಗೆ, ಅವ್ವನನ್ನು ನೋಡಲು ಹೋದೆ. ಅವ್ವ ಅಂಗಳಕ್ಕೇ ಬಂದು ನನ್ನ ಚೀಲ ಇಸಿದುಕೊಂಡಳು. ಮುಖ ಅರಳಿತ್ತು.

"ಯಲ್ಲಕ್ಕ ಬಂದಿದ್ಲೋ. ನಿನ್ನ ಸುದ್ದಿ ಹೇಳಿ ಹೇಳಿ ಅವಳ ಬಾಯಿ ನೋಯಲಿಲ್ಲ. ದೊಡ್ಡ ಸಾಹೇಬ ಆಗ್ಯಾನ, ಆದ್ರ ಒಂದೀಟೂ ಬದಲಾಗಿಲ್ಲ ನೋಡು ಅಂದ್ಲು. ಅಷ್ಟು ಮಂದಿ ಮುಂದ 'ದೊಡ್ಡವ್ವಾ, ಬಾ' ಅಂತ ಕರದಿ ಅಂತ. ಗುಡಿ ಮೆಟ್ಲ ಇಳದು ಬಂದು ರಮಾನ್ನ ನೀನ ಎತ್ತಿಕೊಂಡು ತೂಗಿದಿ ಅಂತ. ಹೌದೇನೋ?"

ನಾನು ಕಾಲು ತೊಳೆಯುವ ನೆಪದಲ್ಲಿ ಬಗ್ಗಿದೆ.

"ಹೌದವ್ವಾ" ಅಂದೆ.

"ಹೋದ ಸಲಕ್ಕಿಂತ ತೂಕ ಏರೇತೇನು ಹುಡುಗೀದು? ಯಲ್ಲಕ್ಕಗ ಅಂಕಿ ನೆನಪಿಲ್ಲಂತ. ನಿನಗ ಗೊತ್ತಿರತೈತಿ, ನಿನ್ನನ್ನ ಕೇಳು ಅಂದ್ಲು."

"ಒಂದು ಕಿಲೋ ಏರೇತಿ" ಅಂದೆ.

ಕೂಸನ್ನು ಕೊಕ್ಕೆಗೆ ಹಾಕದೆ ನಾನು ಹೇಳಿದ ತೂಕ ಅದೊಂದೇ. ಅವ್ವ ಕೊಡ ಎತ್ತಿಕೊಂಡು ನೀರಿಗೆ ಹೋದವಳು, ಅದನ್ನು ಕೇರಿಯ ತುಂಬ ಹೇಳಿಕೊಂಡು ಬಂದಳು.